ಎದೆಮಟ್ಟದ ಬೆನ್ನುಹುರಿಗೆ ಕೊಳವೆಯ ದಾರಿ

ಎದೆಮಟ್ಟದಲ್ಲಿ ಬೆನ್ನುಹುರಿಯ ಕಾಲುವೆ ಕಿರಿದಾದವರಲ್ಲಿ ಅನೇಕರು ನನ್ನ ಬಳಿಗೆ ಬರುವುದು ನೋವೆಂದಲ್ಲ, ಕಾಲು ಹೇಳಿದ ಮಾತು ಕೇಳುತ್ತಿಲ್ಲವೆಂದು. ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ, ಕತ್ತಲಾದರೆ ಗೋಡೆ ಹಿಡಿಯಬೇಕು. ಕೈಯಲ್ಲಿ ಸೊಂಟದ ಎಂಆರ್‌ಐ ಇರುತ್ತದೆ. ತೊಂದರೆ ಇರುವುದು ಸೊಂಟಕ್ಕಿಂತ ಮೇಲೆ, ಎದೆಮಟ್ಟದಲ್ಲಿ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆದ್ದರೆ ಅದು ಹುರಿ ನಲುಗಿರುವ ಗುರುತು; ಆಗ ಇಡೀ ಬೆನ್ನಿನ ಎಂಆರ್‌ಐ ಬರೆಯುತ್ತೇನೆ, ಜೊತೆಗೆ ಸಿಟಿ ಸ್ಕ್ಯಾನ್. ಪಾವಗಡ, ಮುಂಡರಗಿ ಕಡೆಯವರಾದರೆ ಎಷ್ಟು ವರ್ಷ ಬೋರ್‌ವೆಲ್ ನೀರು ಕುಡಿದರೆಂದೂ ಕೇಳುತ್ತೇನೆ. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ; ಅದನ್ನು ಬಹಳ ಮೀರಿದ ನೀರು ವರ್ಷಗಟ್ಟಲೆ ದೇಹ ಸೇರಿದರೆ ಕಶೇರುಗಳನ್ನು (ಬೆನ್ನೆಲುಬಿನ ಮಣಿಗಳನ್ನು) ಹಿಂದಿನಿಂದ ಜೋಡಿಸುವ ಹಳದಿ ಅಸ್ಥಿಬಂಧ ಎಲುಬಾಗುವುದುಂಟು. ಫ್ಲೋರೈಡ್ ಇಲ್ಲದೆಯೂ ಹೀಗಾಗುತ್ತದೆ, ಹೆಚ್ಚಾಗಿ ಎದೆಯ ಕೆಳಭಾಗದ ಕಶೇರುಗಳಲ್ಲಿ. ಎಲುಬಾದ ಈ ಅಸ್ಥಿಬಂಧ ಹುರಿಯನ್ನು ಒತ್ತುತ್ತದೆ; ಚಿಕ್ಕ ಗಾಯದಲ್ಲಿ ಕೊಳವೆ ಇಳಿಸಿ ಅದನ್ನು ತೆಗೆಯುವುದೇ ನಾನು ಮಾಡುವ ಶಸ್ತ್ರಚಿಕಿತ್ಸೆ.

ಎಲ್ಲರೂ ಕೇಳುವುದು ಗಾಯ ಎಷ್ಟು ಚಿಕ್ಕದು ಎಂದು. ನನಗೆ ಅದಕ್ಕಿಂತ ದೊಡ್ಡ ಚಿಂತೆ, ತೊಂದರೆ ಎಷ್ಟನೆಯ ಕಶೇರುವಿನಲ್ಲಿದೆ ಎಂಬ ಎಣಿಕೆಯದು. ಎದೆಯ ಕಶೇರುಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಕೆಲವರಿಗೆ ಸೊಂಟದಲ್ಲಿ ಐದರ ಬದಲು ಆರು ಇರುತ್ತವೆ. ಆದ್ದರಿಂದ ಆಪರೇಷನ್ ಮೇಜಿನ ಬಳಿಯೇ ತೆಗೆಯುವ ಸಿ-ಆರ್ಮ್ ಎಕ್ಸ್‌ರೇಯಲ್ಲಿ ಸೊಂಟದ ಕೆಳಗಿನ ತ್ರಿಕಾಸ್ಥಿಯಿಂದ ಮೇಲಕ್ಕೊಮ್ಮೆ, ಕೊನೆಯ ಪಕ್ಕೆಲುಬಿನಿಂದ ಇನ್ನೊಮ್ಮೆ ಎಣಿಸುತ್ತೇನೆ. ಎರಡೂ ಎಂಆರ್‌ಐಗೆ ತಾಳೆಯಾಗುವವರೆಗೆ ಚಾಕು ಮುಟ್ಟುವುದಿಲ್ಲ.

ನಡುಗೆರೆಯಿಂದ ತುಸು ಪಕ್ಕದಲ್ಲಿ ಎರಡು ಸೆಂಟಿಮೀಟರಿನಷ್ಟು ಸೀಳಿ, ಒಂದಕ್ಕಿಂತ ಒಂದು ಅಗಲದ ಕೊಳವೆಗಳನ್ನು ಒಂದರ ಮೇಲೊಂದು ಇಳಿಸಿ ಸ್ನಾಯುವನ್ನು ಸರಿಸುತ್ತೇನೆ. ಕೊಳವೆಗೆ ದಾರಿ ತೋರಲು ಮೊದಲು ತಂತಿ ಚುಚ್ಚುವ ರೂಢಿ ಹಲವರಿಗಿದೆ. ಎರಡು ಕಶೇರುಗಳ ಸಂದಿನಲ್ಲಿ ಅದು ಜಾರಿದರೆ ಹುರಿಗೇ ತಗಲುತ್ತದೆ, ಹಾಗಾಗಿ ನನಗೆ ಬೇಡ. ಆಮೇಲೆಲ್ಲ ಮೈಕ್ರೋಸ್ಕೋಪಿನ ಕೆಲಸ. ಸೊಂಟದಲ್ಲಿ ಎಲುಬಿನಡಿ ಪಂಚ್ ತೂರಿಸಿ ಕಚ್ಚಿ ತೆಗೆಯಬಹುದು, ಅಲ್ಲಿನ ನರಗಳು ತುಸು ಒತ್ತಡ ತಾಳುತ್ತವೆ. ಇಲ್ಲಿ ಪಂಚಿನ ತುದಿ ಹೊಕ್ಕರೂ ಹುರಿ ನಲುಗುತ್ತದೆ. ವಜ್ರದ ಪುಡಿ ಲೇಪಿಸಿದ ಬರ್ರಿನಿಂದ (ವೇಗವಾಗಿ ತಿರುಗಿ ಎಲುಬು ತೇಯುವ ತುದಿ), ಬಿಸಿಯಾಗದಂತೆ ಸಲೈನ್ ಹರಿಸುತ್ತ, ಎಲುಬಾದ ಅಸ್ಥಿಬಂಧವನ್ನು ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗುವವರೆಗೆ ತೇಯುತ್ತೇನೆ. ಮೇಜನ್ನು ಓರೆ ಮಾಡಿದರೆ ಅದೇ ಕೊಳವೆಯಿಂದ ಆಚೆ ಬದಿಯೂ ಸಿಗುತ್ತದೆ. ಸುತ್ತಲ ಅಂಚು ಬಿಡಿಸಿಕೊಂಡ ಮೇಲೆಯೇ ಚಿಪ್ಪನ್ನು ಹೊರಕ್ಕೆತ್ತುವುದು. ಹುರಿಯ ಪೊರೆಗೆ ಅಂಟಿದ ಚೂರನ್ನು ಕೀಳದೆ ಅಲ್ಲಿಯೇ ತೇಲಲು ಬಿಡುತ್ತೇನೆ. ಅಷ್ಟು ಹೊತ್ತೂ ಅರಿವಳಿಕೆ ವೈದ್ಯರು ರಕ್ತದೊತ್ತಡ ಇಳಿಯಗೊಡುವುದಿಲ್ಲ. ಕಾಲಿನ ನರಸಂಕೇತ ಕುಗ್ಗಿತೆಂದು ಮಾನಿಟರ್ ನೋಡುವವರು ಹೇಳಿದರೆ ಬರ್ ನಿಲ್ಲುತ್ತದೆ, ರಕ್ತದೊತ್ತಡ ಏರಿಸಿ ಕಾಯುತ್ತೇವೆ.

ಎಲ್ಲರಿಗೂ ಇದು ಒಗ್ಗದು. ಸಿಟಿಯಲ್ಲಿ ರೈಲು ಹಳಿಯಂತೆ ಎರಡು ಬಿಳಿ ಗೆರೆ ಕಂಡರೆ ಪೊರೆಯೂ ಎಲುಬಾಗಿರುವ ಸಂಭವ ಹೆಚ್ಚು. ಅಂಥವರಿಗೆ ನಾನು ಬೆನ್ನು ತೆರೆದೇ ಮಾಡುತ್ತೇನೆ. ಒತ್ತುತ್ತಿರುವುದು ಮುಂಭಾಗದ ಗಟ್ಟಿ ಡಿಸ್ಕ್ (ಕಶೇರುಗಳ ನಡುವಿನ ಮೆತ್ತೆ) ಆದರೆ ಹಿಂದಿನ ಈ ದಾರಿ ತಪ್ಪು, ಪಕ್ಕದಿಂದ ಹೋಗಬೇಕು. "ಡಾಕ್ಟರೇ, ಕೀಹೋಲ್‌ನಲ್ಲೇ ಮಾಡಿಬಿಡಿ" ಎಂದು ಒತ್ತಾಯಿಸುವವರಿಗೆ ಸಿಟಿಯನ್ನೇ ತೋರಿಸುತ್ತೇನೆ.

ಸಾಮಾನ್ಯವಾಗಿ ಮರುದಿನ ಎಬ್ಬಿಸಿ ನಿಲ್ಲಿಸುತ್ತೇವೆ. ಕಾಲಿನ ಬಿಗಿತ ಇಳಿಯಲು ತಿಂಗಳುಗಳೇ ಬೇಕು, ಪೂರ್ತಿ ಇಳಿಯದೆಯೂ ಇರಬಹುದು. ಮೂತ್ರದ ಹಿಡಿತ ತಪ್ಪಿದ ಮೇಲೆ ಬಂದವರಿಗೆ ನಾನು ಹೆಚ್ಚಿನ ಭರವಸೆ ಕೊಡುವುದಿಲ್ಲ. ಮೊದಲ ರಾತ್ರಿ ಗಂಟೆಗೊಮ್ಮೆ ಕಾಲ್ಬೆರಳು ಆಡಿಸಿ ನೋಡುವಂತೆ ವಾರ್ಡಿನ ಸಿಸ್ಟರಿಗೆ ಬರೆದಿಡುತ್ತೇನೆ. ಒಳಗೆ ರಕ್ತ ಕಟ್ಟಿ ಹುರಿಯನ್ನು ಒತ್ತಿದರೆ ಮೊದಲು ಸೋಲುವುದು ಕಾಲು, ಆಗ ಬೆಳಗಿನ ರೌಂಡ್ಸಿಗೆ ಕಾಯದೆ ನನಗೆ ಫೋನ್ ಮಾಡಬೇಕು.