ಎರಡೇ ಕೈ, ಹುಟ್ಟೂ ಬೇಕು ಕ್ಯಾಮರಾನೂ ಬೇಕು

ಕಯಾಕ್ ನೀರಿಗಿಳಿಸಿದ ಮೊದಲ ದಿನವೇ ತಿಳಿಯಿತು, ನನಗಿರುವುದು ಎರಡೇ ಕೈ. ಹುಟ್ಟು ಹಾಕಲು ಎರಡೂ ಬೇಕು. ಕ್ಯಾಮರಾ ಹಿಡಿಯಲೂ ಎರಡೂ ಬೇಕು. ಕರಿಬಿಳಿ ಮಿಂಚುಳ್ಳಿಯೊಂದು ನನ್ನ ಮುಂದೆ ಇಪ್ಪತ್ತು ಅಡಿ ದೂರದಲ್ಲಿ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತಿತ್ತು. ಹುಟ್ಟನ್ನು ತೊಡೆಯ ಮೇಲಿಟ್ಟೆ, ಚೀಲ ಬಿಚ್ಚಿದೆ, ಕ್ಯಾಮರಾ ಕಣ್ಣಿಗೆ ಏರಿಸಿದೆ. ಅಷ್ಟರಲ್ಲಿ ದೋಣಿ ತಾನಾಗಿ ತಿರುಗಿಬಿಟ್ಟಿತ್ತು. ಒಳಗೆ ಕಂಡದ್ದು ತೆಂಗಿನ ತೋಟ, ಆಮೇಲೆ ಸೇತುವೆ, ಕೊನೆಗೆ ನನ್ನದೇ ಮೊಣಕಾಲು. ಆ ದಿನ ತೆಗೆದ ಎಂಬತ್ತು ಫೋಟೋಗಳಲ್ಲಿ ಮಿಂಚುಳ್ಳಿ ಒಂದರಲ್ಲೂ ಇಲ್ಲ. ಮೊಣಕಾಲು ಮಾತ್ರ ಚೆನ್ನಾಗಿ ಬಂದಿದೆ.

ನಾನು ಬ್ಯಾಂಕ್ ನೌಕರ. ಭಾನುವಾರ ಬಿಟ್ಟರೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಮನೆ ಬ್ರಹ್ಮಾವರದ ಹತ್ತಿರ. ಹೆದ್ದಾರಿ 66ರಲ್ಲಿ ಕುಂದಾಪುರದ ಕಡೆ ಹೋಗುವಾಗ ಮಾಬುಕಳ ಸೇತುವೆ ಸಿಗುತ್ತದಲ್ವಾ, ಅದರ ಕೆಳಗೆ ಹರಿಯುವ ಸೀತಾನದಿಯೇ ನನ್ನ ಜಾಗ. ಮೇಲಕ್ಕೆ ಹೋದರೆ ಬಾರ್ಕೂರು. ಕೆಳಕ್ಕೆ ಹೋದರೆ ಹಂಗಾರಕಟ್ಟೆ, ಆಚೆಗೆ ಕೋಡಿ ಬೆಂಗ್ರೆಯ ಅಳಿವೆ. ಸ್ವರ್ಣಾ ನದಿಯೂ ಬಂದು ಸೇರುವುದು ಅಲ್ಲೇ. ನಡುವೆ ಬೇಕಾದಷ್ಟು ಕುದ್ರುಗಳು, ಅಂದರೆ ಹೊಳೆಯ ನಡುಗಡ್ಡೆಗಳು, ಅವುಗಳ ಅಂಚಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಬಸ್ಸಿನಲ್ಲಿ ಸಾವಿರ ಸಲ ಈ ಸೇತುವೆ ದಾಟಿದ್ದೆ. ಕೆಳಗೆ ಇಷ್ಟೆಲ್ಲಾ ಇದೆ ಅಂತ ನೀರಿಗೆ ಇಳಿದ ಮೇಲೇ ಗೊತ್ತಾದದ್ದು.

ಕಯಾಕ್ ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಮೇಲೆ ಕೂತು ಹೋಗುವ ಪ್ಲಾಸ್ಟಿಕ್ಕಿನದು, ಹತ್ತಡಿ ಉದ್ದ, ಇಪ್ಪತ್ತೆರಡು ಕಿಲೋ. ಮೊದಲು ಗಾಳಿ ತುಂಬುವಂಥದ್ದು ತಗೊಳ್ಳೋಣ ಅಂತಿದ್ದೆ. ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಸುಲಭ. ಆದರೆ ಕಾಂಡ್ಲಾ ಬೇರುಗಳಿಗೆ ಸಿಂಪಿ ಅಂಟಿಕೊಂಡಿರುತ್ತದೆ, ಅದರ ಅಂಚು ಬ್ಲೇಡಿನ ಹಾಗೆ. ಗಾಳಿ ದೋಣಿ ಒಂದು ಸಲ ಉಜ್ಜಿದರೆ ಮುಗೀತು. ಹಾಗಾಗಿ ಪ್ಲಾಸ್ಟಿಕ್ಕೇ ಸರಿ ಅನ್ನಿಸಿತು. ಅದನ್ನು ಹೊಳೆ ಬದಿಯ ಪರಿಚಯದವರ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈಗ ಅಲ್ಲಿ ಹಸು ಇಲ್ಲ, ನನ್ನ ಕಯಾಕ್ ಇದೆ. ಮನೆಯವರು ಬಾಡಿಗೆ ಬೇಡ ಅಂದರು. ವರ್ಷಕ್ಕೊಮ್ಮೆ ಎಲ್ಲರದ್ದೂ ಒಂದು ಫೋಟೋ ತೆಗೆದು ಫ್ರೇಮ್ ಹಾಕಿಸಿ ಕೊಡುತ್ತೇನೆ, ಅಷ್ಟೇ.

ಕ್ಯಾಮರಾ ಹೊಸದಲ್ಲ, ಜೊತೆಗೆ ದೂರದ್ದನ್ನು ಹತ್ತಿರ ತೋರಿಸುವ 70-300 ಎಂಎಂ ಲೆನ್ಸ್. ಶುರುವಿನಲ್ಲಿ ಆನ್‌ಲೈನಿನಲ್ಲಿ ಸಿಕ್ಕಿದ ಅಗ್ಗದ ಜಲನಿರೋಧಕ ಚೀಲ ನಂಬಿದ್ದೆ. ಮೂರನೇ ವಾರಕ್ಕೆ ಅದರ ಹೊಲಿಗೆಯಿಂದ ನೀರು ಒಸರಿತು. ಕ್ಯಾಮರಾ ಉಳಿಯಿತು, ಲೆನ್ಸಿನೊಳಗೆ ಮಾತ್ರ ತೇವ ಸೇರಿ ಮಳೆಗಾಲ ಮುಗಿಯುವುದರೊಳಗೆ ಬಿಳಿ ಜೇಡರಬಲೆಯಂಥ ಬೂಷ್ಟು ಹಬ್ಬಿತು. ಸರಿಮಾಡಿಸಲು ಹೋದರೆ ಲೆನ್ಸಿನ ಬೆಲೆಯ ಅರ್ಧ ಕೇಳಿದರು. ನಮ್ಮ ಕರಾವಳಿಯಲ್ಲಿ ಕ್ಯಾಮರಾಕ್ಕೆ ನೀರಿಗಿಂತ ದೊಡ್ಡ ಶತ್ರು ಈ ತೇವವೇ. ಈಗ ಬಾಯಿ ಮಡಚಿ ಕ್ಲಿಪ್ ಹಾಕುವ ದಪ್ಪ ಡ್ರೈ ಬ್ಯಾಗ್ ಇದೆ. ಅದರೊಳಗೆ ಒಂದು ಒಣ ಬೈರಾಸು, ಬೈರಾಸಿನೊಳಗೆ ಕ್ಯಾಮರಾ. ಮನೆಗೆ ಬಂದ ಕೂಡಲೇ ಬಾವಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸುತ್ತೇನೆ, ಮತ್ತೆ ಒಣ ಬಟ್ಟೆಯಿಂದ ಒಮ್ಮೆ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಇದನ್ನೆಲ್ಲಾ ಸ್ನಾನಕ್ಕಿಂತ ಮೊದಲು ಮಾಡಬೇಕು. ಸ್ನಾನ ಆದಮೇಲೆ ಊಟ, ಊಟ ಆದಮೇಲೆ ನಿದ್ದೆ, ನಿದ್ದೆ ಆದಮೇಲೆ ಉಪ್ಪು ಗಟ್ಟಿಯಾಗಿರುತ್ತದೆ.

ಚೀಲದ ಸಮಸ್ಯೆ ದುಡ್ಡು ಕೊಟ್ಟರೆ ಮುಗಿಯಿತು. ಕೈಯ ಸಮಸ್ಯೆ ಹಾಗೇ ಉಳಿಯಿತು. ಅದಕ್ಕೆ ದಾರಿ ತೋರಿಸಿದ್ದು ಒಂದು ಪೆದ್ದುತನ.

ಹುಣ್ಣಿಮೆ ಕಳೆದು ನಾಲ್ಕು ದಿನ ಆಗಿತ್ತು. ಶನಿವಾರ, ಬೆಳಿಗ್ಗೆ ಏಳು ಗಂಟೆ. ಒಂದು ಕುದ್ರುವಿನ ಪಕ್ಕ ಕಾಂಡ್ಲಾ ಗಿಡಗಳ ನಡುವೆ ಸಣ್ಣ ಕಾಲುವೆ ಕಂಡಿತು. ದೋಣಿ ಹೋಗುವಷ್ಟೇ ಅಗಲ. ಒಳಗೆ ತಂಪು, ಮೇಲೆ ಹಸಿರು ಚಪ್ಪರ. ಕಾಂಡ್ಲಾ ಕಾಯಿ ಮರದಲ್ಲಿರುವಾಗಲೇ ಮೊಳೆಯುತ್ತದೆ, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತಾಡುತ್ತದೆ. ಅದರ ಫೋಟೋ ತೆಗೆಯುತ್ತಾ ಮೈಮರೆತೆ. ದೋಣಿ ಈಗ ತಿರುಗುತ್ತಿಲ್ಲ, ಅಲುಗುತ್ತಲೂ ಇಲ್ಲ ಅಂತ ಖುಷಿಯಾಯಿತು. ಯಾಕೆ ಅಲುಗುತ್ತಿಲ್ಲ ಅಂತ ಕೆಳಗೆ ನೋಡಿದರೆ ನೀರೇ ಇಲ್ಲ. ಕೆಸರಿನ ಮೇಲೆ ಕೂತಿದ್ದೇನೆ.

ಹೊರಗೆ ದೊಡ್ಡ ಹೊಳೆಯಲ್ಲಿ ಬಲೆ ಎತ್ತುತ್ತಿದ್ದ ಅಜ್ಜ ಒಬ್ಬರು ನನ್ನನ್ನು ನೋಡಿದರು. ಇಳಿಯೋಣ ಅಂತ ಒಂದು ಕಾಲು ಹೊರಗೆ ಹಾಕಿದ್ದೆ.

"ಹ್ವಾಯ್, ಕಾಲ್ ಹಾಕ್ಬೇಡಿ! ಹುಗ್ದ್ ಹೋತ್ರಿ!"

ಕಾಲು ಒಳಗೆ ಎಳೆದುಕೊಂಡೆ. "ಎಂತ ಮಾಡುವುದು ಅಜ್ಜ ಈಗ?"

"ಎಂತ ಮಾಡೂದು? ನೀರ್ ಬಪ್ಪು ತನ್ಕ ಅಲ್ಲೇ ಕೂಕಣಿ. ಇಳ್ತ ಕಂಡ್ಕಂಡ್ ಬಪ್ಪುಕಾಗ್ದಾ?"

ಅಷ್ಟು ಹೇಳಿ ಅವರು ಬಲೆ ಎತ್ತಿಕೊಂಡು ಹೋದರು. ನಾನು ಎರಡೂವರೆ ಗಂಟೆ ಕೂತೆ. ಒಂದು ಬಾಟಲಿ ನೀರು, ನಾಲ್ಕು ಬಿಸ್ಕತ್ತು, ಲೆಕ್ಕವಿಲ್ಲದಷ್ಟು ಸೊಳ್ಳೆ.

ತಮಾಷೆ ಏನೆಂದರೆ ಅಲ್ಲಿಯವರೆಗಿನ ನನ್ನ ಒಳ್ಳೆಯ ಫೋಟೋಗಳೆಲ್ಲಾ ಆ ಎರಡೂವರೆ ಗಂಟೆಯವು. ನಾನು ಅಲುಗದೆ ಕೂತು ಹತ್ತು ನಿಮಿಷ ಆಗುವಷ್ಟರಲ್ಲಿ ಕೆಸರು ಎದ್ದು ಕುಳಿತಿತು. ಒಂದು ಕೊಂಡಿ ಮಾತ್ರ ದೊಡ್ಡದಾಗಿರುವ ಏಡಿಗಳು ತೂತಿನಿಂದ ಹೊರಗೆ ಬಂದು ಆ ಕೊಂಡಿ ಎತ್ತಿ ಎತ್ತಿ ಬೀಸತೊಡಗಿದವು. ಅವೆಲ್ಲಾ ಗಂಡು, ಹೆಣ್ಣಿಗೆ ದೊಡ್ಡ ಕೊಂಡಿ ಇಲ್ಲ. ಮಡ್‌ಸ್ಕಿಪ್ಪರ್ ಮೀನುಗಳು ಕಪ್ಪೆಯ ಹಾಗೆ ಕಣ್ಣು ಮೇಲೆ ಇಟ್ಟುಕೊಂಡು ಕೆಸರಲ್ಲೇ ಕುಪ್ಪಳಿಸಿದವು. ಎರಡು ಎದುರಾಎದುರು ನಿಂತು ಬೆನ್ನಿನ ರೆಕ್ಕೆ ಬಿಚ್ಚಿ ಜಗಳಕ್ಕೆ ನಿಂತದ್ದು ನನ್ನ ದೋಣಿಯಿಂದ ನಾಲ್ಕಡಿಯಲ್ಲಿ. ಹುಟ್ಟು ಹಾಕುವ ಕೆಲಸ ಇರಲಿಲ್ಲ. ಎರಡೂ ಕೈ ಕ್ಯಾಮರಾಕ್ಕೇ.

ಮನೆಗೆ ಬಂದು ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ಇಳಿಸಿಕೊಂಡೆ. ಭರತ (ಉಬ್ಬರ), ಇಳಿತ ನಮ್ಮ ಕಡೆ ದಿನಕ್ಕೆ ಎರಡೆರಡು ಸಲ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇಷ್ಟು ಶಾಲೆಯಲ್ಲೇ ಓದಿದ್ದೆ. ತಿಥಿ ನೋಡಿದರೆ ಸಮಯ ಸಿಗುತ್ತದೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ಭರತ ಮಧ್ಯಾಹ್ನದ ಹತ್ತಿರ ಬರುತ್ತದೆ, ಬೆಳಗಿನ ಜಾವ ನೀರು ಇಳಿದಿರುತ್ತದೆ. ಏರಿಳಿತವೂ ಜೋರು. ಅಷ್ಟಮಿ ಕಳೆದ ದಿನಗಳಲ್ಲಿ ಇದು ತಲೆಕೆಳಗು. ಬೆಳಿಗ್ಗೆ ಐದು, ಆರು ಗಂಟೆಗೆ ಭರತ, ಆಮೇಲೆ ನಿಧಾನವಾಗಿ ಇಳಿತ. ಮಲ್ಪೆಯದ್ದೋ ಮಂಗಳೂರಿನದ್ದೋ ಉಬ್ಬರವಿಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ತಾಳೆ ಮಾಡಿಕೊಳ್ಳುತ್ತೇನೆ. ಆದರೆ ಅಳಿವೆಯಲ್ಲಿ ನೀರು ತಿರುಗಿದ ಮೇಲೂ ಒಳಗೆ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ನಾನು ಇಳಿಯುವ ಜಾಗಕ್ಕೆ ಅರ್ಧ, ಮುಕ್ಕಾಲು ಗಂಟೆ ಸೇರಿಸುತ್ತೇನೆ.

ಹಾಗಾಗಿ ನನಗೆ ಬೇಕಾದದ್ದು ಅಷ್ಟಮಿಯಿಂದ ದಶಮಿಯೊಳಗೆ ಬೀಳುವ ಶನಿವಾರ ಅಥವಾ ಭಾನುವಾರ. ಈ ತಿಥಿಗಳು ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತವೆ, ಆದರೆ ವಾರದ ಕೊನೆಗೇ ಬೀಳಬೇಕೆಂದಿಲ್ಲ. ಬ್ಯಾಂಕಿನ ರಜೆಯ ಶನಿವಾರವೂ ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆಯೇ. ಎರಡೂ ಒಂದೇ ದಿನ ಬಿದ್ದರೆ ಹಬ್ಬ. ಬೀಳದ ತಿಂಗಳುಗಳೇ ಜಾಸ್ತಿ, ಆಗ ಭಾನುವಾರ. ಪಿತೃಪಕ್ಷದ ನವಮಿಯನ್ನು ಬಿಟ್ಟರೆ ಬೇರೆ ನವಮಿಗಳ ಲೆಕ್ಕ ಇಟ್ಟವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಈಗ ನಾನು ಪೆನ್ನಿನಿಂದ ಸುತ್ತು ಹಾಕಿ ಇಡುತ್ತೇನೆ.

ಅಂಥ ಬೆಳಗು ಹೀಗೆ ಸಾಗುತ್ತದೆ. ಆರೂಕಾಲಕ್ಕೆ ನೀರಿಗೆ. ಹೊಳೆ ತುಂಬಿ ನಿಂತಿರುತ್ತದೆ, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಆಗ ಬಾರ್ಕೂರಿನ ಕಡೆಗೆ ಎರಡು, ಮೂರು ಕಿಲೋಮೀಟರು ಹುಟ್ಟು ಹಾಕಿ ಹೋಗುವುದು. ಸೂರ್ಯ ಎದುರಿಗೆ, ಕಣ್ಣು ಕುಕ್ಕುತ್ತದೆ, ಫೋಟೋ ಆಸೆ ಬಿಡಬೇಕು. ಕ್ಯಾಮರಾ ಚೀಲದಲ್ಲೇ ಇರುತ್ತದೆ. ಏಳೂವರೆ ಹೊತ್ತಿಗೆ ನೀರು ಕೆಳಕ್ಕೆ ಎಳೆಯತೊಡಗುತ್ತದೆ. ಬೇರಿನ ಮೇಲೆ ಒಂದು ಬೆರಳಗಲ ಒದ್ದೆ ಗೆರೆ ಕಾಣಿಸಿತೆಂದರೆ ಇಳಿತ ಶುರು. ಆಗ ದೋಣಿ ತಿರುಗಿಸುತ್ತೇನೆ. ಈಗ ಸೂರ್ಯ ಬೆನ್ನಿಗೆ. ಹೊಳೆ ತಾನೇ ಹೊತ್ತುಕೊಂಡು ಹೋಗುತ್ತದೆ. ಹುಟ್ಟು ತೊಡೆಯ ಮೇಲೆ, ಹಗ್ಗದಿಂದ ದೋಣಿಗೆ ಕಟ್ಟಿದ್ದು. ಕ್ಯಾಮರಾ ಕೈಯಲ್ಲಿ. ನನಗಿಲ್ಲದ ಮೂರನೇ ಕೈಯನ್ನು ಇಳಿತ ಕೊಡುತ್ತದೆ.

ಹಕ್ಕಿಯ ನೇರಕ್ಕೆ ಮೂತಿ ಹಿಡಿದು ಹೋದರೆ ಅದು ಹಾರುತ್ತದೆ. ಅದರಿಂದ ಆಚೆ ಎಲ್ಲಿಗೋ ಹೋಗುವವನ ಹಾಗೆ ಪಕ್ಕದಲ್ಲಿ ಹಾದು ಹೋಗಬೇಕು. ಅದೂ ಎಡಪಕ್ಕದಲ್ಲಿ ಹಕ್ಕಿ ಇರುವ ಹಾಗೆ. ಕೂತಲ್ಲಿಂದ ಕ್ಯಾಮರಾ ಹಿಡಿದು ಎಡಕ್ಕೆ ತಿರುಗುವುದು ಸಲೀಸು. ಬಲಕ್ಕೆ ತಿರುಗಿದರೆ ಸೊಂಟ ಹಿಡಿಯುತ್ತದೆ, ದೋಣಿಯೂ ವಾಲುತ್ತದೆ. ಮೂವತ್ತು ಮೀಟರು ಇರುವಾಗಲೇ ಕೊನೆಯ ಸಲ ಹುಟ್ಟು ಹಾಕಿ, ಮೂತಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಬಿಟ್ಟುಬಿಡಬೇಕು. ದೋಣಿ ನಿಧಾನ ಸುತ್ತುತ್ತದೆ, ಸುತ್ತಲಿ. ಮೊದಲ ದಿನ ನನ್ನನ್ನು ಕಾಡಿದ ಸುತ್ತು ಈಗ ಲೆನ್ಸನ್ನು ಹಕ್ಕಿಯ ಮೇಲೆ ತಂದು ನಿಲ್ಲಿಸುತ್ತದೆ. ಯಾವಾಗಲೂ ಅಲ್ಲ. ಹತ್ತರಲ್ಲಿ ಮೂರು ಸಲ ಅನ್ನಿ.

ದಡದಿಂದ ತೆಗೆದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎತ್ತರದ್ದು. ಕಯಾಕಿನಲ್ಲಿ ಕೂತರೆ ಲೆನ್ಸ್ ನೀರಿನಿಂದ ಎರಡೂವರೆ ಅಡಿ ಮೇಲೆ. ಕೆಸರಲ್ಲಿ ನಡೆಯುವ ಬೆಳ್ಳಕ್ಕಿಯ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಅದಕ್ಕಾಗಿ ನನ್ನ ಸಾಧಾರಣ ಲೆನ್ಸಿನ ತಪ್ಪುಗಳೆಲ್ಲಾ ಮಾಫಿ.

ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ಕಡಿಮೆ ಇಡುವುದಿಲ್ಲ. ಹಕ್ಕಿ ಅಲುಗದಿದ್ದರೂ ನಾನು ಅಲುಗುತ್ತಿರುತ್ತೇನೆ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮರಾದ ಸಂವೇದನೆ, ಆಟೋ. ಚಿತ್ರ ಸ್ವಲ್ಪ ಮರಳುಮರಳಾದರೂ ಮಸುಕಾಗಬಾರದು. ಬೆಳ್ಳಕ್ಕಿ, ಕರಿಬಿಳಿ ಮಿಂಚುಳ್ಳಿಯಂಥವಕ್ಕೆ ಬೆಳಕನ್ನು ಒಂದಿಷ್ಟು ಕಡಿಮೆ ಮಾಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಬಿಳಿ ಗರಿ ಸುಣ್ಣ ಬಳಿದ ಗೋಡೆಯಾಗುತ್ತದೆ. ನೀರಿನ ಹೊಳಪು ಹೋಗಲಿ ಅಂತ ಪೋಲರೈಸರ್ ಹಾಕಿ ನೋಡಿದೆ. ಅದು ಅರ್ಧಕ್ಕಿಂತ ಜಾಸ್ತಿ ಬೆಳಕು ತಿಂದುಬಿಡುತ್ತದೆ. ಈಗ ಡಬ್ಬದಲ್ಲಿದೆ. ಲೆನ್ಸ್ ಬದಲಾಯಿಸುವ ಸಾಹಸವನ್ನಂತೂ ನೀರಿನ ಮೇಲೆ ಮಾಡಬೇಡಿ.

ಹತ್ತು, ಹತ್ತೂವರೆ ಒಳಗೆ ವಾಪಸ್ ಬರಲೇಬೇಕು. ಆಮೇಲೆ ಕಡಲ ಗಾಳಿ ಏಳುತ್ತದೆ. ಪಡುವಣದಿಂದ ಬೀಸುವ ಗಾಳಿ ನೇರ ಮುಖಕ್ಕೆ. ಇಳಿತ ಮುಂದಕ್ಕೆ ಎಳೆದರೂ ಗಾಳಿ ಹಿಂದಕ್ಕೆ ತಳ್ಳುತ್ತದೆ, ನೀರು ಕುದಿದ ಹಾಗೆ ಸಣ್ಣ ಅಲೆ ಏಳುತ್ತದೆ. ಒಂದು ಸಲ ಗರುಡ ಮೀನು ಎತ್ತುವುದನ್ನು ಕಾಯುತ್ತಾ ತಡಮಾಡಿ, ಕೊನೆಯ ಒಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ತಗೊಂಡೆ. ಗರುಡನ ಫೋಟೋವೂ ಸಿಗಲಿಲ್ಲ. ಅಳಿವೆಯ ಕಡೆಗಂತೂ ಇಳಿತದಲ್ಲಿ ಹೋಗುವುದೇ ಇಲ್ಲ. ಅಲ್ಲಿ ಹೊಳೆ ಮತ್ತು ಕಡಲು ಗುದ್ದಾಡುವ ಜಾಗದಲ್ಲಿ ನನ್ನ ಹತ್ತಡಿ ಪ್ಲಾಸ್ಟಿಕ್ಕಿಗೆ ಕೆಲಸವಿಲ್ಲ. ಲೈಫ್ ಜಾಕೆಟ್ ಮತ್ತು ಸೀಟಿ ಯಾವಾಗಲೂ ಮೈಮೇಲೆ. ಸೆಖೆ ಆಗುತ್ತದೆ, ಆಗಲಿ.

ಬಲೆ ಕಟ್ಟಿದ ಗೂಟ ಕಂಡರೆ ಸುತ್ತು ಹಾಕಿ ಹೋಗುತ್ತೇನೆ. ನಮ್ಮದು ರಜೆಯ ಹುಚ್ಚು, ಅವರದ್ದು ಅನ್ನ. ಬಲೆ ಎತ್ತುವವರ ಫೋಟೋವನ್ನು ಕೇಳದೆ ತೆಗೆಯುವುದಿಲ್ಲ. ಕೇಳಿದರೆ ಬೇಡ ಅಂದವರು ಇಬ್ಬರೇ. ಕೇಳಿದ್ದಕ್ಕೆ ಎರಡು ಏಡಿ ಕೊಟ್ಟವರೂ ಇದ್ದಾರೆ, ಆ ದಿನ ಮನೆಯಲ್ಲಿ ನನ್ನ ಹವ್ಯಾಸಕ್ಕೆ ಮರ್ಯಾದೆ ಸಿಕ್ಕಿತು. ಉಳಿದ ದಿನ ಹೆಂಡತಿಯ ಮಾತು ಒಂದೇ: "ನಾಲ್ಕು ಗಂಟೆ ಹೊಳೆಯಲ್ಲಿ ಇದ್ದು ಬರೀ ಚಿತ್ರ ತರ್ತೀರಲ್ಲ, ಎರಡು ಕಾಣೆ ಮೀನಾದರೂ ತರಬಾರದಾ?"

ಜೂನಿನಿಂದ ಸೆಪ್ಟೆಂಬರ್ ಮುಗಿಯುವ ತನಕ ಕಯಾಕ್ ಕೊಟ್ಟಿಗೆಯಲ್ಲೇ. ಘಟ್ಟದ ಮಳೆನೀರೆಲ್ಲಾ ಇದೇ ಹೊಳೆಗೆ ಇಳಿಯುತ್ತದೆ, ಆಗ ತಿಥಿಯ ಲೆಕ್ಕ ನಡೆಯುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಇಳಿಸುವಷ್ಟರಲ್ಲಿ ದೂರದೇಶದ ಕೆಸರುಹಕ್ಕಿಗಳೂ ಬಂದಿರುತ್ತವೆ.

ಕೆಸರಲ್ಲಿ ಕೂತಿದ್ದಾಗ ಸಿಕ್ಕಿದ ಅಜ್ಜನನ್ನು ಆಮೇಲೆ ತುಂಬಾ ಸಲ ನೋಡಿದ್ದೇನೆ. ಹೋದ ಚಳಿಗಾಲದಲ್ಲಿ ಅವರು ದೋಣಿಯಲ್ಲಿ ನಿಂತು ಬಲೆ ಬೀಸುವ ಚಿತ್ರವೊಂದು ಸಿಕ್ಕಿತು. ಬಲೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡಿದೆ, ಹಿಂದೆ ಕಾಂಡ್ಲಾ ಕಾಡು, ಬೆಳಕು ಪಕ್ಕದಿಂದ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಅವರ ಮನೆಗೇ ತಗೊಂಡು ಹೋದೆ. ಅವರು ಅಂಗಳಕ್ಕೆ ತಂದು, ಬಿಸಿಲಿಗೆ ಹಿಡಿದು, ತುಂಬಾ ಹೊತ್ತು ನೋಡಿದರು. ತಮ್ಮನ್ನಲ್ಲ, ಬಲೆಯನ್ನೂ ಅಲ್ಲ. ಬೆರಳು ಮೂಲೆಯ ಬೇರುಗಳ ಮೇಲೆ ಓಡಾಡುತ್ತಿತ್ತು.

"ಇದ್ ಇಳ್ತ ಶುರುವಾಯಿ ಅರ್ಧ ಗಂಟೆ ಆದ್ ಮೇಲ್ ತೆಗ್ದದ್ದ್, ಅಲ್ದಾ?"

ಕಂಪ್ಯೂಟರಿನಲ್ಲಿ ಸಮಯ ನೋಡಿದೆ. ಎಂಟು ಗಂಟೆ ಐದು ನಿಮಿಷ. ಅವತ್ತು ನಾನು ದೋಣಿ ತಿರುಗಿಸಿದ್ದು ಏಳೂವರೆಗೆ.