ಎಸರು ಹಾಕಿದ ಜೋಳದ ಬ್ರೆಡ್

2020ರ ಏಪ್ರಿಲ್. ಲಾಕ್‌ಡೌನಿನಿಂದ ನಮ್ಮ ಯಜಮಾನರ ಟೇಲರಿಂಗ್ ಅಂಗಡಿ ಮುಚ್ಚಿತ್ತು. ವಿಜಯಪುರದ ಬಿಸಿಲು, ಮನೆ ತುಂಬ ಮಂದಿ, ಕೈಯಲ್ಲಿ ದುಡ್ಡಿಲ್ಲ. ಮಕ್ಕಳು ಬ್ರೆಡ್ ಬೇಕು ಅಂತ ಹಟ ಹಿಡಿದಿದ್ದರು. ಗೋಧಿ ಹಿಟ್ಟು ಡಬ್ಬಿಯ ತಳ ಸೇರಿತ್ತು. ಆದರೆ ತವರಿನಿಂದ ಬಂದ ಬಿಳಿ ಜೋಳದ ಚೀಲ ಮೂಲೆಯಲ್ಲಿ ಹಾಗೇ ಇತ್ತು. ಪಕ್ಕದ ಮನೆಯ ವೈನಿ ತಮ್ಮ ಹತ್ತಿರ ಉಳಿದಿದ್ದ ಅರ್ಧ ಪ್ಯಾಕೆಟ್ ಯೀಸ್ಟ್ ಕೊಟ್ಟರು. ಶುರುವಾಗಿದ್ದು ಹೀಗೆ.

ಮೊದಲ ಸಲ ಗೋಧಿ ಅರ್ಧ, ಜೋಳ ಅರ್ಧ ಹಾಕಿದೆ. ಹಿಟ್ಟು ಉಬ್ಬಲೇ ಇಲ್ಲ. ಬೆಂದ ಮೇಲೆ ಚಾಕು ಇಟ್ಟರೆ ಪುಡಿಪುಡಿ. ಜೋಳದಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟನ್ನು ಎಳೆಎಳೆಯಾಗಿ ಹಿಡಿದಿಡುವ ಅಂಟು, ಇರುವುದಿಲ್ಲ. ಯೀಸ್ಟಿನಿಂದ ಹುಟ್ಟುವ ಗಾಳಿಯನ್ನು ಹಿಡಿದಿಡುವ ಜಾಲ ಗೋಧಿಯಿಂದಲೇ ಆಗಬೇಕು. ಆ ಪುಡಿಯನ್ನು ನೋಡಿ ನನಗೆ ಅಳುವೇ ಬಂತು, ಅಷ್ಟು ಹಿಟ್ಟು ಹಾಳಾಯಿತಲ್ಲ ಅಂತ. ನಮ್ಮ ಅತ್ತಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕೇಳಿದರು, "ಎಸರ ಹಾಕಲಾರದ ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲಿಂದ ಬರ್ಬೇಕ ಯವ್ವಾ?"

ದಿನಾ ರೊಟ್ಟಿ ಬಡಿಯುವ ನನಗೆ ಅದು ಹೊಳೆದಿರಲಿಲ್ಲ. ರೊಟ್ಟಿಗೆ ಎಸರು, ಅಂದರೆ ಕುದಿಯುವ ನೀರು ಹಾಕುತ್ತೇವೆ, ಅಲ್ವಾ? ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. 1972ರ ಬರದಲ್ಲಿ ಬಂದ ಕೆಂಪು ಜೋಳಕ್ಕೆ ಜಿಗಿಯೇ ಇರಲಿಲ್ಲವಂತೆ. ಎಸರು ಜಾಸ್ತಿ ಹಾಕಿ, ಹೊತ್ತು ಹಿಡಿದು ನಾದಿ ರೊಟ್ಟಿ ಮಾಡುತ್ತಿದ್ದರು ಅಂತ ಅತ್ತಿ ಅವತ್ತು ಹೇಳಿದರು.

ಎರಡನೇ ಸಲ ಎಸರು ಹಾಕಿದೆ. ಅವಸರದಲ್ಲಿ ಆ ಸುಡುವ ಹಿಟ್ಟಿಗೇ ಯೀಸ್ಟ್ ಸುರಿದೆ. ಯೀಸ್ಟ್ ಜೀವ ಇರುವ ವಸ್ತು. 60 ಡಿಗ್ರಿ ಬಿಸಿ ತಗುಲಿದರೆ ಸತ್ತೇ ಹೋಗುತ್ತದೆ. ಆ ಹಿಟ್ಟಿನಿಂದ ಹಂಚಿನ ಮೇಲೆ ದಪ್ಪ ರೊಟ್ಟಿ ಮಾಡಿ ತಿಂದೆವು.

ಮೂರನೇ ಸಲ ಬ್ರೆಡ್ ಚೆನ್ನಾಗಿ ಬಂತು. ಅವತ್ತಿನಿಂದ ಇವತ್ತಿನವರೆಗೂ ಅಳತೆ ಅದೇ. 100 ಗ್ರಾಂ ಜೋಳದ ಹಿಟ್ಟಿಗೆ 120 ಎಂಎಲ್ ಕುದಿನೀರು ಹಾಕಿ, ಚಮಚದಿಂದ ಕಲಸಿ ಮುಚ್ಚಿಡುತ್ತೇನೆ. ಬೆರಳಿಟ್ಟರೆ ಉಗುರುಬೆಚ್ಚಗೆ ಅನ್ನಿಸುವ ತನಕ ಮುಟ್ಟುವುದಿಲ್ಲ. ಅಷ್ಟರಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲದ ಪುಡಿ, ಒಂದು ಸಣ್ಣ ಚಮಚ ಯೀಸ್ಟ್ ಹಾಕಿರುತ್ತೇನೆ. ಹತ್ತು ನಿಮಿಷಕ್ಕೆ ನೊರೆ ಬಂದರೆ ಯೀಸ್ಟ್ ಚೆನ್ನಾಗಿದೆ ಅಂತ. ಬರದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ, ಹಿಟ್ಟಾದರೂ ಉಳಿಯುತ್ತದೆ. ಆಮೇಲೆ 300 ಗ್ರಾಂ ಗೋಧಿ ಹಿಟ್ಟು, ಒಂದು ಚಮಚ ಉಪ್ಪು, ಎರಡು ಚಮಚ ಶೇಂಗಾ ಎಣ್ಣೆ ಸೇರಿಸಿ ಪರಾತದಲ್ಲಿ ಹತ್ತು ನಿಮಿಷ ನಾದುವುದು. ಯೀಸ್ಟಿನ ನೀರನ್ನು ಒಂದೇ ಸಲ ಸುರಿಯುವುದಿಲ್ಲ. 180ರಿಂದ 200 ಎಂಎಲ್ ಸಾಕಾಗುತ್ತದೆ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಸ್ವಲ್ಪ ಅಂಟಬೇಕು. ಹಾಲು, ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲ.

ಉಬ್ಬುವುದಕ್ಕೆ ಗಡಿಯಾರ ನೋಡಿದರೆ ಕೆಡುತ್ತದೆ. ನಮ್ಮೂರ ಏಪ್ರಿಲಿನಲ್ಲಿ ಮುಕ್ಕಾಲು ಗಂಟೆಯೇ ಜಾಸ್ತಿ. ಮರೆತು ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಡಿಸೆಂಬರಿನಲ್ಲಿ ಎರಡು ಗಂಟೆಯೂ ಹಿಡಿದದ್ದುಂಟು. ದುಪ್ಪಟ್ಟಾದ ಮೇಲೆ ಮೆಲ್ಲಗೆ ಒತ್ತಿ, ಎಣ್ಣೆ ಸವರಿದ ಡಬ್ಬಿಯಲ್ಲಿಟ್ಟು ಇನ್ನೊಮ್ಮೆ ಉಬ್ಬಲು ಬಿಡುತ್ತೇನೆ.

ಒವನ್ ನಮ್ಮ ಮನೆಯಲ್ಲಿ ಈಗಲೂ ಇಲ್ಲ. ಅಡುಗೆಗೆ ಬಾರದ ಹಳೆ ಕುಕ್ಕರ್ ಇದೆ. ಅದರ ಸೀಟಿ, ಗ್ಯಾಸ್ಕೆಟ್ ಎರಡೂ ತೆಗೆದು, ತಳಕ್ಕೆ ಅರ್ಧ ಕಿಲೋ ಹರಳುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಡುತ್ತೇನೆ. ಉಪ್ಪು ಬಿಸಿಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ತಳ ಸೀಯುವುದಿಲ್ಲ. ಅದೇ ಉಪ್ಪನ್ನು ವರ್ಷಗಟ್ಟಲೆ ಬಳಸಬಹುದು. ಹತ್ತು ನಿಮಿಷ ಕಾಯಿಸಿ, ಡಬ್ಬಿ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಮೇಲ್ಭಾಗ ಕೆಂಪಾಗುವುದಿಲ್ಲ. ಅದಕ್ಕೇ ಡಬ್ಬಿಯಿಂದ ತೆಗೆದು ಬೋರಲಾಗಿ ಹಂಚಿನ ಮೇಲೆ ಎರಡು ನಿಮಿಷ ಇಡುತ್ತೇನೆ. ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರುವ ಮೊದಲು ಕೊಯ್ಯಬೇಡಿ, ಒಳಗೆ ಅಂಟಂಟು ಉಳಿಯುತ್ತದೆ. ಮಕ್ಕಳನ್ನು ಒಂದು ಗಂಟೆ ತಡೆಯುವುದೇ ಕಷ್ಟ.

ಈಗಿನ ರೇಟಿನಲ್ಲಿ ಗ್ಯಾಸ್ ಸೇರಿ ಸುಮಾರು 30 ರೂಪಾಯಿ ಬೀಳುತ್ತದೆ, ಜೋಳ ಮನೆಯದು.

ಈಚೆಗೆ ಮಗಳು ಇತಿಹಾಸದ ಪಾಠದ ನೆಪದಲ್ಲಿ ಹುಡುಕಿ ಓದಿ ಹೇಳಿದಳು. ಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಇಂಗ್ಲೆಂಡಿನಲ್ಲಿ ಬಿಳಿ ಬ್ರೆಡ್ ಬಿಟ್ಟು ಹೊಟ್ಟು ಜಾಸ್ತಿ ಉಳಿಸಿದ ಹಿಟ್ಟಿನ "ನ್ಯಾಷನಲ್ ಲೋಫ್" ತಂದರಂತೆ. ಯುದ್ಧ ಮುಗಿದ ಮೇಲೂ 1946ರಿಂದ 1948ರವರೆಗೆ ಬ್ರೆಡ್ಡಿಗೆ ರೇಷನ್ ಇತ್ತು. ಅಲ್ಲಿಯ ಮಂದಿಗೆ ಆ ಕಂದು ಬ್ರೆಡ್ ಸೇರಲಿಲ್ಲ ಅಂತ ಕೇಳಿ ನಮ್ಮ ಅತ್ತಿಗೆ ಬೇಜಾರಾಯಿತು. ಅವರಿಗೆ ನಮ್ಮ ಬ್ರೆಡ್ಡಿನ ತುಂಡಿನ ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ರಾತ್ರಿ ಊಟ ಮುಗಿಯಿತು.

ಮೂರನೇ ದಿನಕ್ಕೆ ಉಳಿದರೆ ತೆಳ್ಳಗೆ ಕೊಯ್ದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಖಡಕ್ ರೊಟ್ಟಿಯ ಹಾಗೆ ಒಣಗಿಸುತ್ತೇನೆ. ಡಬ್ಬಿಯಲ್ಲಿ ವಾರ ಇರುತ್ತದೆ. ಬೆಳಿಗ್ಗೆ ಚಹಾದ ಹೊತ್ತಿಗೆ ಆ ಡಬ್ಬಿ ಮೊದಲು ತೆರೆಯುವವರು ಅತ್ತಿಯೇ.