ತುಂಬ ವರ್ಷ ಬಿಟ್ಟು ಮತ್ತೆ ಹಾಕಿ ಆಡೋಕೆ ಹೊರಟಿದ್ದೀರಾ? ಸ್ಟಿಕ್ ಕೊನೆಗೆ ತಗೊಳ್ಳಿ

ಹದಿನೇಳು ವರ್ಷ ಆದ್ಮೇಲೆ ಅಟ್ಟದಿಂದ ಹಳೇ ಸ್ಟಿಕ್ ಇಳಿಸ್ದೆ. ಗ್ರಿಪ್ ಮೇಲೆ ಕೈ ಇಟ್ಟಿದ್ದೇ ತಡ ಪುಡಿಪುಡಿಯಾಗಿ ಉದುರ್ತು, ಹೆಡ್ (ಚೆಂಡು ಹೊಡೆಯೋ ಕೆಳಗಿನ ತುದಿ) ಹತ್ರ ಮರ ಕೂದಲೆಳೆಯಷ್ಟು ಸೀಳಿತ್ತು, ಆದ್ರೂ ಮೂಗಿನ ಹತ್ರ ತಂದ್ರೆ ಅಗಸೆ ಎಣ್ಣೆ ವಾಸನೆ ಇನ್ನೂ ಹಾಗೇ ಇತ್ತು, ಅಷ್ಟು ಸಾಕಾಯ್ತು ನಂಗೆ ತಲೆ ಕೆಡೋಕೆ. ಅದನ್ನೇ ಹಿಡ್ಕೊಂಡು, ಕಾಲಿಗೆ ದಿನಾ ವಾಕಿಂಗ್ ಹೋಗೋ ರನ್ನಿಂಗ್ ಶೂ ಹಾಕ್ಕೊಂಡು ಟರ್ಫ್‌ಗೆ ಇಳಿದೆ. ಹತ್ತು ನಿಮಿಷ ಆಗಿರ್ಲಿಲ್ಲ, ಯಾರೋ ಎಡಕ್ಕೆ ಡಾಡ್ಜ್ ಮಾಡಿದ್ರು, ನಾನೂ ಎಡಕ್ಕೆ ತಿರುಗ್ದೆ, ಶೂ ಮಾತ್ರ ತಿರುಗ್ಲಿಲ್ಲ. ಕಣಕಾಲು ಹೊರಳಿ ಮೂರು ವಾರ ಸೋಫಾ ಮೇಲೆ. ಆ ಸೀಳಿರೋ ಸ್ಟಿಕ್ ಪಾಪ ಏನೂ ತಪ್ಪು ಮಾಡಿರ್ಲಿಲ್ಲ.

ಅದಕ್ಕೇ ಹೇಳೋದು, ಮತ್ತೆ ಆಡೋಕೆ ಬರೋರು ಬಹಳಷ್ಟು ಜನ ಸಾಮಾನು ತಗೊಳ್ಳೋದು ಉಲ್ಟಾ ಆರ್ಡರಲ್ಲಿ. ಮೊದಲು ರಾತ್ರಿ ಎಲ್ಲ ಕೂತು ಸ್ಟಿಕ್ ನೋಡ್ತಾರೆ, ದುಡ್ಡೆಲ್ಲ ಅದಕ್ಕೇ ಹಾಕ್ತಾರೆ, ಆಮೇಲೆ ಉಳಿದ ಚಿಲ್ಲರೇಲಿ ಶೂ, ಶಿನ್ ಗಾರ್ಡ್. ನೀವು ಇದನ್ನ ತಿರುಗ್ಸಿ. ಮೊದಲು ಶೂ, ಆಮೇಲೆ ಶಿನ್ ಗಾರ್ಡು ಮೌತ್ ಗಾರ್ಡು, ಸ್ಟಿಕ್ ಮೊದಲ ಒಂದು ತಿಂಗಳು ಯಾರದ್ದಾದ್ರೂ ಸಾಲ ತಗೊಂಡು ಆಡಿ. ಹಾಕಿ ಆಡೋರ ಹತ್ರ ಒಂದು ಎಕ್ಸ್‌ಟ್ರಾ ಸ್ಟಿಕ್ ಇದ್ದೇ ಇರತ್ತೆ, ಕೇಳಿದ್ರೆ ಇಲ್ಲ ಅನ್ನಲ್ಲ.

ಶೂ ವಿಷ್ಯ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ರನ್ನಿಂಗ್ ಶೂ ಮಾಡಿರೋದು ನೇರ ಮುಂದಕ್ಕೆ ಓಡೋಕೆ. ಹಿಮ್ಮಡಿ ಕಡೆ ದಪ್ಪ ಮೆತ್ತೆ ಇರತ್ತೆ, ಪಾದ ನೆಲದಿಂದ ಮೇಲೆ ಕೂತಿರತ್ತೆ, ಪಕ್ಕಕ್ಕೆ ಜಾರಿ ನಿಲ್ಲೋವಾಗ ಆ ಎತ್ತರದಿಂದಾನೇ ಕಾಲು ಹೊರಳೋದು. ಹಾಕಿ ಶೂ ತಳ ನೋಡಿ, ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿ ತುಂಬ ಇರತ್ತೆ, ನೆಲಕ್ಕೆ ಹತ್ರ, ಪಕ್ಕದ ಗೋಡೆ ಗಟ್ಟಿ. ಫುಟ್‌ಬಾಲ್ ಬೂಟಿನ ಉದ್ದ ಸ್ಟಡ್ ಟರ್ಫ್ ಮೇಲೆ ಬೇಡ, ಟರ್ಫೂ ಹಾಳು, ಕಾಲು ಅಲ್ಲೇ ಕಚ್ಕೊಂಡು ಮಂಡಿ ತಿರುಚ್ಕೊಳ್ಳತ್ತೆ. ಮಣ್ಣು ಇಲ್ಲಾ ಹುಲ್ಲಿನ ಮೈದಾನದಲ್ಲೇ ಆಡೋದಾದ್ರೆ ಲೆಕ್ಕ ಬೇರೆ, ಅಲ್ಲಿ ಸ್ವಲ್ಪ ದೊಡ್ಡ ಗುಬ್ಬಿ ಇರೋದೇ ಹಿಡಿಯೋದು. ಹಾಗಾಗಿ ಯಾವ ನೆಲದ ಮೇಲೆ ಆಡ್ತೀರಿ ಅಂತ ಮೊದಲು ತಿಳ್ಕೊಂಡು ಆಮೇಲೆ ಅಂಗಡಿಗೆ ಹೋಗಿ.

ಕಾಲೇಜ್ ಟೈಮಿನ ಸೈಜ್ ನಂಬ್ಬೇಡಿ. ವಯಸ್ಸಾದ ಹಾಗೆ ಪಾದ ಸ್ವಲ್ಪ ಚಪ್ಪಟೆಯಾಗಿ ಉದ್ದ ಅಗಲ ಎರಡೂ ಜಾಸ್ತಿ ಆಗಬಹುದು, ನಂದು ಒಂದು ಸೈಜ್ ಮೇಲೆ ಹೋಗಿತ್ತು, ಹೆಂಗಸರಿಗೆ ಬಸಿರು ಬಾಣಂತನ ಆದ್ಮೇಲೂ ಹೀಗಾಗೋದುಂಟು. ಸಂಜೆ ಹೊತ್ತು ಹೋಗಿ, ದಿನವೆಲ್ಲ ಓಡಾಡಿ ಪಾದ ಊದಿರೋ ಟೈಮಲ್ಲಿ, ಆಡೋ ದಪ್ಪ ಸಾಕ್ಸನ್ನೇ ಹಾಕ್ಕೊಂಡು ಟ್ರೈ ಮಾಡಿ. ಉದ್ದನೇ ಬೆರಳಿನ ಮುಂದೆ ಅರ್ಧ ಹೆಬ್ಬೆರಳಷ್ಟು ಜಾಗ ಇರ್ಲಿ, ಆದ್ರೆ ಹಿಮ್ಮಡಿ ಏಳಬಾರ್ದು. ಅಂಗಡಿಯೋರು ನಕ್ರೂ ಪರ್ವಾಗಿಲ್ಲ, ಅಲ್ಲೇ ನಾಲ್ಕು ಸಲ ಓಡಿ ಸಡನ್ನಾಗಿ ನಿಂತು ನೋಡಿ, ಬೆರಳು ಮುಂದೆ ಹೋಗಿ ಕುಟ್ಟಿದ್ರೆ ಬಿಟ್ಬಿಡಿ. ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ಹಾಕಿ ಶೂನಲ್ಲಿ ಹಿಮ್ಮಡಿ ಕೆಳಗೆ ಕೂರತ್ತೆ, ಅಂದ್ರೆ ಮೀನಖಂಡ ಮತ್ತೆ ಹಿಮ್ಮಡಿ ಹಿಂದಿನ ನರದಂಥ ಗಟ್ಟಿ ಪಟ್ಟಿ ಇದ್ಯಲ್ಲ, ಅದು ಜಾಸ್ತಿ ಎಳೀತದೆ. ವರ್ಷಗಟ್ಲೆ ಮೆತ್ತನೆ ಶೂ ಹಾಕಿದ ಕಾಲು ಒಂದೇ ದಿನ ಒಂದು ಗಂಟೆ ಇದ್ರಲ್ಲಿ ಓಡಿದ್ರೆ ಮಾರ್ನೇ ದಿನ ಮೆಟ್ಟಿಲು ಇಳಿಯೋಕಾಗಲ್ಲ. ಒಂದು ವಾರ ಮನೇಲೇ ಹಾಕ್ಕೊಂಡು ಓಡಾಡಿ, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಆಡಿ, ಹಾಗೇ ಏರಿಸ್ತಾ ಹೋಗಿ.

ಶಿನ್ ಗಾರ್ಡ್. ಹಾಕಿ ಬಾಲ್ 156ರಿಂದ 163 ಗ್ರಾಂ ತೂಗೋ ಗಟ್ಟಿ ಪ್ಲಾಸ್ಟಿಕ್ಕು, ಅದು ಕಾಲಿನ ಮುಂದಿನ ಮೂಳೆಗೆ ಬಂದು ಬಡಿದ್ರೆ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸ ಅನ್ನೋದೇ ಇರಲ್ಲ. ಮಕ್ಕಳ ಫುಟ್‌ಬಾಲ್ ಶಿನ್ ಗಾರ್ಡ್ ಮನೇಲಿದೆ ಅಂತ ಅದನ್ನೇ ಸಿಕ್ಕಿಸ್ಕೊಂಡು ಬರೋರು ಇದ್ದಾರೆ, ಅದು ಚಿಕ್ದು, ತೆಳು, ಪಕ್ಕದಿಂದ ಬರೋ ಏಟು ತಡೆಯಲ್ಲ. ಹಾಕಿ ಶಿನ್ ಗಾರ್ಡ್ ಕಾಲನ್ನ ಪಕ್ಕದಿಂದಾನೂ ಬಳಸಿರ್ಬೇಕು, ಮೇಲೆ ಮಂಡಿ ಚಿಪ್ಪಿನ ಸ್ವಲ್ಪ ಕೆಳಗೆ ಶುರುವಾಗಿ ಕೆಳಗೆ ಕಣಕಾಲಿನ ತಿರುವಿನ ತನಕ ಬರ್ಬೇಕು. ಹಾಕ್ಕೊಂಡು ಪೂರ್ತಿ ಕುಕ್ಕರುಗಾಲಲ್ಲಿ ಕೂತು ನೋಡಿ, ಮೇಲಿನ ಅಂಚು ಮಂಡಿಗೆ ಒತ್ತಿದ್ರೆ ದೊಡ್ದಾಯ್ತು. ಹಿಂದಿನ ಪಟ್ಟಿ ಬಿಗಿಯಾಗಿ ಎಳ್ದು ಕಟ್ಬೇಡಿ, ಎರಡನೇ ಕ್ವಾರ್ಟರ್ ಹೊತ್ತಿಗೆ ಮೀನಖಂಡ ಹಿಡ್ಕೊಳ್ಳತ್ತೆ. ಒಳಗಿನ ಬಟ್ಟೆ ಬಿಚ್ಚಿ ಒಗೆಯೋ ಥರ ಇರೋದೇ ತಗೊಳ್ಳಿ, ಇಲ್ಲಾಂದ್ರೆ ಎರಡು ತಿಂಗಳಿಗೆ ಬ್ಯಾಗ್ ಮನೆ ಹೊರಗಿಡ್ಬೇಕಾಗತ್ತೆ.

ಮೌತ್ ಗಾರ್ಡ್ ನಮ್ ಕಾಲದಲ್ಲಿ ಯಾರು ಹಾಕ್ತಿದ್ರು ಅಂತೀರಾ? ನಿಜ, ಹಾಕ್ತಿರ್ಲಿಲ್ಲ, ಅದಕ್ಕೇ ಆ ಕಾಲದ ಎಷ್ಟೋ ಫುಲ್ ಬ್ಯಾಕ್‌ಗಳು ನಗುವಾಗ ಕೈ ಅಡ್ಡ ಇಟ್ಕೊಳ್ತಾರೆ. ಈಗ ಚೆಂಡು ಗಾಳೀಲಿ ಜಾಸ್ತಿ ಓಡಾಡತ್ತೆ, ಏರಿಯಲ್ ಪಾಸ್ ಮಾಮೂಲಿ. ಬಿಸಿ ನೀರಲ್ಲಿ ಅದ್ದಿ ಕಚ್ಚೋ ಟೈಪ್ ಶುರುಗೆ ಸಾಕು. ನೀರು ಕುದಿಸಿ ಒಲೆಯಿಂದ ಇಳಿಸಿ, ಪ್ಯಾಕೆಟ್ ಮೇಲೆ ಬರೆದಿರೋ ಸೆಕೆಂಡಷ್ಟೇ ಅದ್ದಿ, ಜಾಸ್ತಿ ಆದ್ರೆ ಮುದ್ದೆಯಾಗತ್ತೆ. ತೆಗ್ದು ನೀರು ಕೊಡವಿ ಮೇಲಿನ ಹಲ್ಲಿಗೆ ಕೂರ್ಸಿ, ಕನ್ನಡಿ ಮುಂದೆ ನಿಂತು ನಡು ಸರಿ ಇದ್ಯಾ ನೋಡಿ, ಕಚ್ಚಿ, ಕೆನ್ನೆ ಮೇಲಿಂದ ಬೆರಳಲ್ಲಿ ಒತ್ತಿ, ನಾಲಿಗೇಲಿ ಒಳಗಿಂದ ತಳ್ಳಿ, ಗಾಳಿ ಜೋರಾಗಿ ಎಳ್ಕೊಳ್ಳಿ. ಆಮೇಲೆ ತಣ್ಣೀರಿಗೆ. ಬಾಯಿ ಅಗಲ ತೆಗೆದ್ರೂ ಬೀಳಬಾರ್ದು, "ಪಾಸ್ ಕೊಡೋ" ಅಂತ ಕೂಗಿದ್ರೆ ಅರ್ಥ ಆಗ್ಬೇಕು, ಇವೆರಡೇ ಟೆಸ್ಟ್. ಬ್ರಿಡ್ಜ್, ಕ್ಯಾಪ್, ಕಟ್ಟಿಸಿದ ಹಲ್ಲು ಇದ್ರೆ ಮಾತ್ರ ಮನೇಲಿ ಈ ಸರ್ಕಸ್ ಬೇಡ, ಡೆಂಟಿಸ್ಟ್ ಹತ್ರ ಅಳತೆ ಕೊಟ್ಟು ಮಾಡಿಸ್ಕೊಳ್ಳಿ, ನಮ್ಮ ವಯಸ್ಸಲ್ಲಿ ಇಂಥ ಹಲ್ಲು ಒಂದಾದ್ರೂ ಇದ್ದೇ ಇರತ್ತಲ್ಲ.

ಕನ್ನಡಕ ಹಾಕೋರು ದಿನದ ಕನ್ನಡಕದಲ್ಲಿ ಆಡ್ಬೇಡಿ, ಪಾಲಿಕಾರ್ಬೊನೇಟ್ ಲೆನ್ಸ್ ಇರೋ ಸ್ಪೋರ್ಟ್ಸ್ ಕನ್ನಡಕ ಮಾಡಿಸಿ, ತಲೆ ಹಿಂದೆ ಪಟ್ಟಿ ಇರೋದು. ಎಡಗೈ ಗ್ಲೌಸ್ ಒಂದು ತಗೊಳ್ಳಿ, ಟರ್ಫ್ ಮೇಲೆ ಸ್ಟಿಕ್ ಮಲಗ್ಸಿದ್ರೆ ಎಡಗೈ ಬೆರಳ ಗೆಣ್ಣುಗಳು ಮೊದಲು ಸುಲಿಯೋದು. ಡಿಫೆಂಡರ್‌ಗಳಾದ್ರೆ ಗಂಡಸರು ಒಳಗೆ ಗಾರ್ಡ್ ಹಾಕ್ಕೊಳ್ಳಿ, ಇದಕ್ಕೆ ವಿವರಣೆ ಬೇಕಿಲ್ಲ ಅನ್ಸತ್ತೆ.

ಈಗ ಸ್ಟಿಕ್. ಎಲ್ರೂ ಕಾಯ್ತಿರೋದು ಇದಕ್ಕೇ ಅಂತ ಗೊತ್ತು.

ಹಳೇ ಮರದ ಸ್ಟಿಕ್ ಹಿಡಿದೋರಿಗೆ ಹೊಸ ಕಾಂಪೋಸಿಟ್ ಸ್ಟಿಕ್ (ಕಾರ್ಬನ್, ಫೈಬರ್ ಗ್ಲಾಸ್ ಸೇರ್ಸಿ ಮಾಡಿದ್ದು) ಕೈಗೆ ಬಂದ್ರೆ ಮೊದಲು ಕಾಣೋದು ಕೋಲಿನ ಉದ್ದಕ್ಕೆ ಇರೋ ಬಾಗು, ಅದಕ್ಕೆ ಬೋ ಅಂತಾರೆ. ರೂಲ್ ಪ್ರಕಾರ ಬಾಗು 25 ಮಿಲಿಮೀಟರ್ ದಾಟಂಗಿಲ್ಲ, ತೂಕ 737 ಗ್ರಾಂ ದಾಟಂಗಿಲ್ಲ, ಗ್ರಿಪ್ಪು ಟೇಪು ಎಲ್ಲ ಸೇರ್ಸಿ 51 ಮಿಲಿಮೀಟರ್ ಬಳೆಯೊಳಗೆ ಸ್ಟಿಕ್ ತೂರ್ಬೇಕು. ಬಾಗು ಎಷ್ಟು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದೇ ಮುಖ್ಯ. ಹೆಡ್ ಕಡೆಗೆ ಕೆಳಗಿದ್ರೆ ಲೋ ಬೋ, ಡ್ರ್ಯಾಗ್ ಫ್ಲಿಕ್ (ಚೆಂಡನ್ನ ಸ್ಟಿಕ್ಕಲ್ಲಿ ಎಳ್ಕೊಂಡು ಜೋರಾಗಿ ಎಸೆಯೋದು) ಹೊಡೆಯೋರಿಗೆ, ಚೆಂಡನ್ನ ಎತ್ತಿ ಎತ್ತಿ ಓಡೋ ಹುಡುಗ್ರಿಗೆ. ನಾವು ಅದೇ ಹಳೇ ಸ್ಟೈಲಲ್ಲಿ ಸೊಂಟ ಬಗ್ಗಿಸಿ ಹಿಟ್ ಹೊಡೆದ್ರೆ ಲೋ ಬೋದಲ್ಲಿ ಚೆಂಡು ಎದ್ಬಿಡತ್ತೆ, ಎದುರಿನೋನ ಮಂಡಿಗೆ ಹೋಗತ್ತೆ, ವಿಷಲ್ ಬೀಳತ್ತೆ. ನಿಮಗೆ ಸ್ಟ್ಯಾಂಡರ್ಡ್ ಇಲ್ಲಾ ಮಿಡ್ ಬೋ ಸಾಕು. ಟಿವೀಲಿ ನೋಡಿದ ಸ್ಟಾರ್ ಪ್ಲೇಯರ್ ಸ್ಟಿಕ್ಕೇ ಬೇಕು ಅಂತ ಹಟ ಬೇಡ, ಅದು ಅವರ ಮುಂಗೈಗೆ ಮಾಡಿರೋದು.

ಕಾರ್ಬನ್ ಪರ್ಸೆಂಟ್ ಅಂತ ಮೇಲೆ ದೊಡ್ಡದಾಗಿ ಬರ್ದಿರ್ತಾರೆ, ಜಾಸ್ತಿ ಅಂದ್ರೆ ಒಳ್ಳೇದು ಅಂತ ಸೇಲ್ಸ್‌ನೋರೂ ಹೇಳ್ತಾರೆ. ಕಾರ್ಬನ್ ಜಾಸ್ತಿ ಆದಷ್ಟೂ ಸ್ಟಿಕ್ ಬಿರುಸು, ಹಿಟ್ಟಲ್ಲಿ ಪವರ್ ಬರತ್ತೆ, ಆದ್ರೆ ಟ್ರ್ಯಾಪ್ ಮಾಡೋವಾಗ, ಅಂದ್ರೆ ಬರೋ ಚೆಂಡು ನಿಲ್ಸೋವಾಗ, ಅದು ಗೋಡೆಗೆ ಬಡಿದ ಹಾಗೆ ಪುಟೀತದೆ, ಮತ್ತೆ ಹೊಡ್ತ ಸ್ವಲ್ಪ ಆಚೀಚೆ ಆದ್ರೆ ಆ ನಡುಕ ಎಲ್ಲ ಮೊಣಕೈಗೆ ಬರತ್ತೆ. ಇಷ್ಟು ವರ್ಷ ಬಿಟ್ಟೋರಿಗೆ ಮೊದಲು ಹೋಗಿರೋದು ಪವರ್ ಅಲ್ಲ ಟಚ್ಚು, ಬರೋ ಚೆಂಡನ್ನ ಕಾಲ ಹತ್ರ ಸತ್ತ ಹಾಗೆ ನಿಲ್ಸೋದು. ಅದು ವಾಪಸ್ ಬರ್ಬೇಕಂದ್ರೆ ಫೈಬರ್ ಗ್ಲಾಸ್ ಜಾಸ್ತಿ ಇರೋ, ಕಾರ್ಬನ್ 30ರಿಂದ 50 ಒಳಗಿರೋ ಸ್ಟಿಕ್ಕೇ ಸರಿ. ಅದೃಷ್ಟಕ್ಕೆ ಅವೇ ಅಗ್ಗ ಕೂಡ.

ಉದ್ದ: ದೊಡ್ಡೋರಿಗೆ ಸಾಮಾನ್ಯವಾಗಿ 36.5 ಇಂಚು, ಚೆನ್ನಾಗಿ ಎತ್ತರ ಇದ್ರೆ 37.5. ಸೊಂಟದ ಪಕ್ಕ ನಿಲ್ಸಿದ್ರೆ ಸೊಂಟದ ಮೂಳೆ ಆಸುಪಾಸು ಬಂದ್ರೆ ಸರಿ. ಬೆನ್ನು ನೋವು ಇದೆ ಅಂತ ಉದ್ದ ತಗೊಳ್ಳೋಣ ಅನ್ಸತ್ತೆ, ಒಂದಿಂಚು ತನಕ ಓಕೆ, ಅದಕ್ಕಿಂತ ಜಾಸ್ತಿ ಆದ್ರೆ ಡ್ರಿಬಲ್ ಮಾಡೋವಾಗ ತುದಿ ಹೊಟ್ಟೆಗೆ ಚುಚ್ಚತ್ತೆ (ಹೊಟ್ಟೆ ಬೇರೆ ಮುಂಚಿನ ಜಾಗದಲ್ಲಿಲ್ಲ). ತೂಕ ಬಗ್ಗೆ ನನ್ನ ಟೆಸ್ಟ್ ಇದು: ಎಡಗೈ ಒಂದರಲ್ಲೇ ತುದಿ ಹಿಡ್ಕೊಂಡು ರಿವರ್ಸ್‌ನಲ್ಲಿ (ಸ್ಟಿಕ್ ಮಗುಚಿ) ಚೆಂಡು ತಡೆಯೋ ಹಾಗೆ ಕೈ ಚಾಚಿ ಇಪ್ಪತ್ತು ಎಣಿಸಿ. ಹೆಡ್ ಕುಸೀತಾ ಬಂದ್ರೆ ಆ ಸ್ಟಿಕ್ ನಿಮ್ಮದಲ್ಲ. ಒಂದೇ ತೂಕದ ಎರಡು ಸ್ಟಿಕ್ ಇದ್ರೂ ಒಂದು ಭಾರ ಅನ್ಸತ್ತೆ, ಭಾರ ಎಲ್ಲ ಹೆಡ್ ಕಡೆ ಇದ್ರೆ ಹಾಗೆ, ಹಾಗಾಗಿ ಲೇಬಲ್ ಮೇಲಿನ ಗ್ರಾಂಗಿಂತ ಕೈಯನ್ನೇ ಕೇಳಿ. ಹೆಡ್ ಶೇಪಲ್ಲಿ ಮಿಡಿ (ಮಧ್ಯಮ ಅಳತೆಯದು) ತಗೊಂಡ್ರೆ ಎಲ್ಲ ಪೊಸಿಷನ್‌ಗೂ ಆಗತ್ತೆ, ಅಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿಲ್ಲ. ಅಂದಹಾಗೆ ಎಡಚರು ಕೇಳ್ತಾನೇ ಇರ್ತಾರೆ, ಇಲ್ಲ, ಎಡಗೈನೋರ ಸ್ಟಿಕ್ ಅಂತ ಹಾಕೀಲಿ ಬರಲ್ಲ, ಚಪ್ಪಟೆ ಮುಖ ಎಲ್ರಿಗೂ ಎಡಗಡೆಗೇ.

ಸೆಕೆಂಡ್ ಹ್ಯಾಂಡ್ ಸಿಕ್ರೆ ಬಿಡ್ಬೇಡಿ, ಆದ್ರೆ ನೋಡಿ ತಗೊಳ್ಳಿ. ಬೆರಳ ಗೆಣ್ಣಲ್ಲಿ ಹಿಡಿಯಿಂದ ಹೆಡ್ ತನಕ ಕುಟ್ತಾ ಬನ್ನಿ, ತೆಂಗಿನಕಾಯಿ ನೋಡೋ ಹಾಗೆ. ಟಣ್ ಟಣ್ ಅಂತಿದ್ದದ್ದು ಒಂದು ಕಡೆ ಮಾತ್ರ ಬೊದ್ ಅಂದ್ರೆ ಒಳಗೆ ಪದರ ಬಿಟ್ಟಿದೆ. ಅಂಚಲ್ಲಿ ಉಗುರು ಸವರಿ, ಸಿಕ್ಕಿದ್ರೆ ಬಿರುಕು. ಬರೀ ಪೇಂಟ್ ಎದ್ದಿದ್ರೆ ತೊಂದ್ರೆ ಇಲ್ಲ, ಚೌಕಾಸಿಗೆ ಒಳ್ಳೇ ನೆಪ. ಶೂ, ಮೌತ್ ಗಾರ್ಡ್, ಗೋಲ್‌ಕೀಪರ್ ಹೆಲ್ಮೆಟ್ ಮಾತ್ರ ಹಳೇದು ಬೇಡ. ಗೋಲ್‌ಕೀಪರ್‌ಗಳಿಗೆ ಇನ್ನೂ ಒಂದು ಮಾತು, ಅಟ್ಟದಲ್ಲಿರೋ ನಿಮ್ಮ ಹಳೇ ಪ್ಯಾಡ್ ಫೋಮನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಗುಂಡಿ ಬಿದ್ದು ವಾಪಸ್ ಬರ್ದಿದ್ರೆ ಇಲ್ಲಾ ಕಲ್ಲಾಗಿದ್ರೆ ಅದರ ಕಾಲ ಮುಗೀತು, ಈಗಿನ ಡ್ರ್ಯಾಗ್ ಫ್ಲಿಕ್ ಮುಂದೆ ಅದನ್ನ ಹಾಕ್ಕೊಂಡು ನಿಲ್ಬೇಡಿ.

ಗ್ರಿಪ್ ಅಗ್ಗದ ವಸ್ತು, ಆದ್ರೆ ಮೊಣಕೈ ಉಳಿಸೋದು ಅದೇ. ತೆಳು ಹಿಡಿಯನ್ನ ಬಿಗಿಯಾಗಿ ಹಿಡೀಬೇಕಾಗತ್ತೆ, ಆ ಬಿಗಿಯಿಂದಾನೇ ಮುಂಗೈ ಸೋಲೋದು. ಹಳೇದ್ರ ಮೇಲೇ ಇನ್ನೊಂದು ಗ್ರಿಪ್ ಸುತ್ತಿ, ಮೇಲಿನ ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಒಂದ್ರ ಮೇಲೊಂದು ಬರೋ ಹಾಗೆ ಎಳ್ದು ಎಳ್ದು ಸುತ್ತಿ ಕೊನೇಲಿ ಟೇಪ್ ಹಾಕಿ.

ನೀವು ಬಿಟ್ಟ ಮೇಲೆ ರೂಲೂ ಬದಲಾಗಿದೆ, ಅದೂ ಸಾಮಾನಿನ ಲೆಕ್ಕಕ್ಕೆ ಬರತ್ತೆ. ಆಫ್‌ಸೈಡ್ 1990ರ ದಶಕದಲ್ಲೇ ಹೋಯ್ತು, 2009ರಿಂದ ಫ್ರೀ ಹಿಟ್ ತಗೊಂಡೋರೇ ಚೆಂಡು ಇಟ್ಕೊಂಡು ಓಡ್ಬಹುದು, ದೊಡ್ಡ ಮ್ಯಾಚ್‌ಗಳು 35 ನಿಮಿಷದ ಎರಡು ಹಾಫ್ ಬಿಟ್ಟು 15 ನಿಮಿಷದ ನಾಲ್ಕು ಕ್ವಾರ್ಟರ್ ಆಗಿವೆ. ಆಟ ನಿಲ್ಲೋದೇ ಇಲ್ಲ, ಅದಕ್ಕೇ ಶೂ ಮೊದಲು ಅಂದಿದ್ದು. ಪೆನಾಲ್ಟಿ ಕಾರ್ನರ್‌ಗೆ (ಗೋಲಿನ ಹತ್ರ ತಪ್ಪು ಮಾಡಿದ್ರೆ ಎದುರು ಟೀಮಿಗೆ ಸಿಗೋ ಅವಕಾಶ) ಈಗ ಡಿಫೆಂಡರ್‌ಗಳು ಮುಖಕ್ಕೆ ಮಾಸ್ಕ್, ಕೈಗೆ ದಪ್ಪ ಗ್ಲೌಸ್, ಮಂಡಿಗೆ ಪ್ಯಾಡ್ ಹಾಕ್ತಾರೆ, ಇವು ಸಾಮಾನ್ಯವಾಗಿ ಟೀಮಿನ ಬ್ಯಾಗಲ್ಲೇ ಇರತ್ತೆ, ನೀವು ತಗೊಳ್ಳೋದು ಬೇಡ. ಮಾಸ್ಕ್ ಇಲ್ಲ ಅಂದ್ರೆ ಮಾತ್ರ ರಶ್ ಮಾಡೋಕೆ, ಅಂದ್ರೆ ಹೊಡೆಯೋರ ಎದುರಿಗೇ ನುಗ್ಗೋಕೆ, ನನ್ನ ಕರೀಬೇಡಿ ಅಂತ ಮುಲಾಜಿಲ್ದೆ ಹೇಳಿ, ನಾನು ಹಾಗೇ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಹೊಸ ಸ್ಟಿಕ್ ಬಂದ್ಮೇಲೆ ಅದನ್ನ ಸಿಮೆಂಟ್ ನೆಲದ ಮೇಲೆ, ರೋಡಲ್ಲಿ ತಿಕ್ಬೇಡಿ, ಒಂದು ವಾರದಲ್ಲಿ ಹೆಡ್ ತಳ ಸವೆದು ಎಳೆ ಎದ್ದು ಕೈಗೆ ಚುಚ್ಚತ್ತೆ. ಬಿಸಿಲಲ್ಲಿ ನಿಂತ ಕಾರೊಳಗೂ ಬಿಡ್ಬೇಡಿ, ಮೌತ್ ಗಾರ್ಡಂತೂ ಅಲ್ಲಿ ಆಕಾರನೇ ಕಳ್ಕೊಳ್ಳತ್ತೆ. ಮನೆ ಮುಂದೆ ಕುಟ್ಟೋಕೆ ಅಟ್ಟದ ಮರದ ಸ್ಟಿಕ್ ಇದ್ಯಲ್ಲ. ನಂದಕ್ಕೆ ಸೀಳಿದ ಕಡೆ ಟೇಪ್ ಸುತ್ತಿ, ಹೊಸ ಗ್ರಿಪ್ ಹಾಕಿ, ಒಂದು ಕೋಟ್ ಅಗಸೆ ಎಣ್ಣೆ ಸವರಿ ಇಟ್ಟಿದ್ದೀನಿ, ದಿನಾ ಸಂಜೆ ಗೋಡೆಗೆ ಪುಶ್ ಮಾಡಿ ವಾಪಸ್ ಬರೋ ಚೆಂಡು ನಿಲ್ಸೋದು ಅದ್ರಲ್ಲೇ, ಐವತ್ತರಲ್ಲಿ ಈಗ ಮೂವತ್ತು ನಿಲ್ಲತ್ತೆ.